ನಾಲ್ಕು ಕ್ವಿಂಟಲ್ ಹೆಚ್ಚಿನ ಭಾರ

ಅರಸೀಕೆರೆಯಲ್ಲಿ ಕೊಬ್ಬರಿ ಲಾರಿ ತೂಗುವ ವೇಬ್ರಿಡ್ಜಿನ ಮೇಲೆ ನನ್ನ ಅಕ್ಕನ ಮಗನ ಫಾರ್ಚುನರ್ ನಿಲ್ಲಿಸಿ ಇಬ್ಬರೂ ಇಳಿದೆವು. ಕಾಟಾದವರು ಚೀಟಿ ಹರಿದು ಕೈಗಿತ್ತರು. ಆರ್‌ಸಿಯಲ್ಲಿ ಬರೆದಿದ್ದ ಖಾಲಿ ತೂಕಕ್ಕೂ ಚೀಟಿಯ ತೂಕಕ್ಕೂ ನಾಲ್ಕು ಕ್ವಿಂಟಲ್ ಮೇಲೆ ಹದಿನೈದು ಕೆ.ಜಿ. ವ್ಯತ್ಯಾಸ. ಎಂಟು ಮೂಟೆ ಸಿಮೆಂಟು ಹೇರಿಕೊಂಡು ಅವನು ದಿನಾ ಬೆಂಗಳೂರಿನಲ್ಲಿ ಆಫೀಸಿಗೆ ಹೋಗಿಬರುತ್ತಿದ್ದ ಲೆಕ್ಕ ಅದು. ಹುಡುಗ ಚೀಟಿಯನ್ನು ಎರಡು ಸಲ ಓದಿದ. "ಇಷ್ಟಾಗುತ್ತೆ ಅಂತ ಗ್ಯಾರೇಜಿನವರು ಹೇಳಲೇ ಇಲ್ಲ ಮಾವ" ಅಂದ.

ಆಮೇಲೆ ಎರಡು ದಿನ ಅರಸೀಕೆರೆಯಿಂದ ಬಾಣಾವರ, ಜಾವಗಲ್ ಹಾದು ಹಳೇಬೀಡು, ಬೇಲೂರಿನವರೆಗೆ ಅವನ ಜೊತೆ ತಿರುಗಿದೆ. ದೊಡ್ಡ ಎಸ್‌ಯುವಿಯನ್ನು ಕಾಡುಮೇಡಿಗೆಂದು, ಹೊರಗೆ ಟೆಂಟು ಹಾಕಿ ಮಲಗುವುದಕ್ಕೆಂದು ಮಾರ್ಪಡಿಸುವ ಹವ್ಯಾಸ ನಮ್ಮ ಜಿಲ್ಲೆಯ ರಸ್ತೆಗಳಲ್ಲಿ ಈಗ ವಾರಕ್ಕೊಮ್ಮೆ ಕಣ್ಣಿಗೆ ಬೀಳುತ್ತದೆ. ಶನಿವಾರ ಬೆಳಿಗ್ಗೆ ಹಳೇಬೀಡಿನ ದೇವಸ್ಥಾನದ ಮುಂದೆ ನಿಂತರೆ ಎತ್ತರಿಸಿದ, ಏಣಿ ಕಟ್ಟಿದ, ನೆತ್ತಿಯ ಮೇಲೆ ಟೆಂಟು ಹೊತ್ತ ಗಾಡಿ ಒಂದಾದರೂ ಸಿಗುತ್ತದೆ. ಹವ್ಯಾಸದ ಬಗ್ಗೆ ನನಗೆ ಪ್ರೀತಿಯಿದೆ. ಊರು ಬಿಟ್ಟು, ದೀಪ ಬಿಟ್ಟು, ನಕ್ಷತ್ರದ ಕೆಳಗೆ ಮಲಗಬೇಕೆನ್ನುವ ಆಸೆ ಒಳ್ಳೆಯದು. ಆ ಆಸೆಗೆ ಗಾಡಿಯನ್ನು ಹೊಂದಿಸುವ ರೀತಿಯಲ್ಲಿ ಎಲ್ಲಿ ತಪ್ಪುತ್ತಿದ್ದೇವೆ ಎಂಬುದಷ್ಟೇ ನನ್ನ ಮಾತು.

ಫಾರ್ಚುನರ್ ನಮ್ಮ ಬಿಡದಿಯಲ್ಲೇ ತಯಾರಾಗುವ ಗಾಡಿ. ಲಾರಿಯ ಹಾಗೆ ಪ್ರತ್ಯೇಕ ಚಾಸಿ, ಅದರ ಮೇಲೆ ಬಾಡಿ. ಫೋರ್ ಬೈ ಫೋರ್ ಮಾದರಿಗೆ 2.8 ಲೀಟರಿನ ಡೀಸೆಲ್ ಎಂಜಿನ್, ಲೋ ರೇಂಜ್ ಗೇರು, 80 ಲೀಟರಿನ ಟ್ಯಾಂಕು. ಖಾಲಿ ಇದ್ದಾಗಲೇ ಎರಡು ಟನ್ ದಾಟುತ್ತದೆ. ಜನ, ಸಾಮಾನು ಎಲ್ಲ ಸೇರಿ ಇಂಥ ಗಾಡಿಗಳು ಹೊರಬಹುದಾದದ್ದು ಸಾಮಾನ್ಯವಾಗಿ ಐದಾರು ಕ್ವಿಂಟಲ್. ಅದರಲ್ಲಿ ನಾಲ್ಕನ್ನು ಬಂಪರು, ಟೆಂಟುಗಳೇ ತಿಂದುಬಿಟ್ಟರೆ ಐವರ ಕುಟುಂಬ ಹತ್ತಿ ಕೂತಾಗ ಗಾಡಿ ಮಿತಿ ದಾಟಿರುತ್ತದೆ. ಬ್ರೇಕು, ಸ್ಪ್ರಿಂಗು, ಬೇರಿಂಗು ಎಲ್ಲವೂ ಆ ಮಿತಿಯ ಲೆಕ್ಕದಲ್ಲಿ ಮಾಡಿದವು.

ನಾಲ್ಕು ಕ್ವಿಂಟಲ್ ಎಲ್ಲಿಂದ ಬಂತೆಂದು ವೇಬ್ರಿಡ್ಜಿನ ಪಕ್ಕದ ಹುಣಸೆಮರದಡಿ ಕೂತು ಲೆಕ್ಕ ಹಾಕಿದೆವು. ಮುಂದಿನ ಉಕ್ಕಿನ ಬಂಪರು, ಅದರೊಳಗಿನ, ಹೂತ ಗಾಡಿಯನ್ನು ಹಗ್ಗದಿಂದ ಎಳೆಯುವ ವಿಂಚು ಸೇರಿ ತೊಂಬತ್ತು ಕೆ.ಜಿ. ಮೇಲಿನ ಕ್ಯಾರಿಯರು, ಟೆಂಟು ತೊಂಬತ್ತೈದು. ಹಿಂದೆ ಪ್ಲೈವುಡ್ಡಿನ ಡ್ರಾಯರು, ಫ್ರಿಜ್ಜು ಎಂಬತ್ತೈದು. ನೀರಿನ ಟ್ಯಾಂಕು ನಲವತ್ತು. ದಪ್ಪ ಟಯರುಗಳಿಂದ ಮೂವತ್ತು, ಬ್ಯಾಟರಿ ಇಪ್ಪತ್ತು, ಉಳಿದದ್ದು ಕುರ್ಚಿ, ಒಲೆ, ಪಾತ್ರೆ, ಹಗ್ಗ, ಸಲಿಕೆ. ಒಂದೊಂದೂ ತನ್ನಷ್ಟಕ್ಕೆ ಬೇಕೆನಿಸಿಯೇ ಬಂದದ್ದು. ಒಟ್ಟು ಲೆಕ್ಕವನ್ನು ಮಾತ್ರ ಯಾರೂ ಕೂಡಿರಲಿಲ್ಲ.

ತೂಕ ಎಷ್ಟು ಎನ್ನುವಷ್ಟೇ ಮುಖ್ಯ ಅದು ಎಲ್ಲಿ ಕೂತಿದೆ ಎನ್ನುವುದು. ನಮ್ಮ ತಾತ ಎತ್ತಿನ ಗಾಡಿಗೆ ತೆಂಗಿನಕಾಯಿ ತುಂಬುವಾಗ ನಡುನಡುವೆ ನೊಗ ಎತ್ತಿ ನೋಡುತ್ತಿದ್ದರು. ಹಿಂಭಾರವಾದರೆ ನೊಗ ಮೇಲೆದ್ದು ಎತ್ತಿನ ಕೊರಳ ಹಗ್ಗ ಗಂಟಲಿಗೆ ಬಿಗಿಯುತ್ತದೆ. ಮುಂಭಾರವಾದರೆ ಹೆಗಲು ಹುಣ್ಣಾಗುತ್ತದೆ. ಕಾಯಿ ಎಷ್ಟೇ ಇರಲಿ, ಭಾರ ಅಚ್ಚಿನ ನೇರಕ್ಕೆ ಇಳಿಯಬೇಕು. ಇಂಥ ಎಸ್‌ಯುವಿಗಳ ಛಾವಣಿಗೆ ಓಡುವಾಗಿನ ಮಿತಿ ಸಾಮಾನ್ಯವಾಗಿ ನೂರು ಕೆ.ಜಿ.ಯ ಒಳಗೆ. ನಮ್ಮ ಹುಡುಗ ಆ ಅಂಚಿನಲ್ಲೇ ಇದ್ದ. ಗಾಡಿಯನ್ನು ಎರಡು ಇಂಚು ಎತ್ತರಿಸಿ, ನೆತ್ತಿಯ ಮೇಲೆ ಕ್ವಿಂಟಲಿನಷ್ಟು ಹೇರಿದರೆ ಓರೆಯಾದ ಬಂಡಿ ದಾರಿಯಲ್ಲಿ ಅದು ತೂರಾಡುವುದು ಕೂತವರ ಸೊಂಟಕ್ಕೇ ಗೊತ್ತಾಗುತ್ತದೆ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಗೋಡೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಲ್ಲಕ್ಕಿಂತ ಕೆಳಗಿನ ಪಟ್ಟಿಕೆಯಲ್ಲಿ ಸಾಲು ಸಾಲು ಆನೆಗಳು, ಸಾವಿರಕ್ಕೂ ಹೆಚ್ಚು. ಸಿಂಹ, ಕುದುರೆ, ಬಳ್ಳಿ, ಪುರಾಣದ ಕತೆ ಎಲ್ಲ ಅವುಗಳ ಮೇಲೆ. ಹಂಸಗಳು ಇನ್ನೂ ಮೇಲೆ. 12ನೇ ಶತಮಾನದ ಆ ಶಿಲ್ಪಿಗಳು ಬಲವಾದದ್ದನ್ನು ಬುಡಕ್ಕಿಟ್ಟು ಹಗುರವಾದದ್ದನ್ನು ಮೇಲಕ್ಕೇರಿಸಿದರು.

ಎತ್ತರಿಸುವ ಲಿಫ್ಟ್ ಕಿಟ್ಟಿನ ಬಗ್ಗೆ ಒಂದು ಮಾತು ಸ್ಪಷ್ಟವಾಗಬೇಕು. ಅದು ಎತ್ತುವುದು ಬಾಡಿಯನ್ನು, ಚಾಸಿಯನ್ನು. ಫಾರ್ಚುನರಿನಂಥ ಗಾಡಿಯ ಹಿಂದಿನ ಆಕ್ಸಲ್ಲು ಇದ್ದಲ್ಲೇ ಇರುತ್ತದೆ; ಅದರ ನಡುವೆ ಜೋತಿರುವ ಡಿಫರೆನ್ಷಿಯಲ್ ನೆಲಕ್ಕೆ ಎಷ್ಟು ಹತ್ತಿರವಿತ್ತೋ ಅಷ್ಟೇ ಹತ್ತಿರ. ದಾರಿಯ ನಡುವಿನ ಕಲ್ಲು ಮೊದಲು ಬಡಿಯುವುದು ಅದಕ್ಕೇ. ಅದನ್ನು ಮೇಲೆತ್ತುವುದು ಟಯರು ಮಾತ್ರ. ಕಂಪನಿಯ 265/60 ಆರ್18 ಟಯರಿನ ವ್ಯಾಸ ಸುಮಾರು 775 ಮಿ.ಮೀ. ನಮ್ಮ ಹುಡುಗ ಹಾಕಿಸಿದ 265/70 ಆರ್17 ಟಯರಿನದು 803. ಆಕ್ಸಲ್ಲು ಏರಿದ್ದು ಆ ವ್ಯತ್ಯಾಸದ ಅರ್ಧ, ಅಂದರೆ 14 ಮಿ.ಮೀ. ಇದಕ್ಕೂ ಬೆಲೆ ತೆರಬೇಕು: ಮೀಟರು ನೂರು ತೋರಿಸುವಾಗ ಗಾಡಿಯ ವೇಗ ಮೊದಲಿಗಿಂತ ನೂರಕ್ಕೆ ಮೂರಕ್ಕೂ ಹೆಚ್ಚಿರುತ್ತದೆ, ಚಕ್ರ ಭಾರವಾದಷ್ಟೂ ಬ್ರೇಕು ಹಿಡಿಯುವುದು ತಡ. ಎತ್ತರಿಸಿದ್ದರಿಂದ ಮುಂದಿನ ಡ್ರೈವ್ ಶಾಫ್ಟಿನ ಕೋನ ಕಡಿದಾಗಿ ಅದರ ಜಾಯಿಂಟು ಬೇಗ ಸವೆಯುತ್ತದೆ. ಹಾಗಿದ್ದರೂ ಅವನು ಮಾಡಿಸಿದ ಬದಲಾವಣೆಗಳಲ್ಲಿ ನಾನು ಮನಸಾರೆ ಒಪ್ಪುವುದು ಈ ಟಯರುಗಳನ್ನೇ. ರಿಮ್ಮು ಒಂದಿಂಚು ಚಿಕ್ಕದಾಗಿ ಟಯರಿನ ಪಕ್ಕದ ರಬ್ಬರು 159ರಿಂದ 185 ಮಿ.ಮೀ.ಗೆ ಏರಿತ್ತು. ಅದರ ಉಪಯೋಗ ಮೊದಲ ದಿನ ಸಂಜೆಯೇ ಕಂಡಿತು.

ಜಾವಗಲ್ ದಾಟಿದ ಮೇಲೆ ಒಂದು ಸಣ್ಣ ಕೆರೆ. ನೀರು ಹಿಂದಕ್ಕೆ ಸರಿದು ಅಂಗಳ ಒಣಗಿದಂತೆ ಕಾಣುತ್ತಿತ್ತು. ಮೇಲೆ ಬಿರುಕು ಬಿಟ್ಟ ಹೆಪ್ಪು, ಕೆಳಗೆ ಮೆತ್ತನೆ ಗೋಡು. ಇಪ್ಪತ್ತು ಅಡಿ ಹೋಗುವಷ್ಟರಲ್ಲಿ ಹಿಂದಿನ ಬಲ ಚಕ್ರ ಹೂತಿತು. ಹುಡುಗ ಆಕ್ಸಿಲರೇಟರು ಒತ್ತಿದ, ಇನ್ನೊಂದು ಗೇಣು ಇಳಿಯಿತು. ವಿಂಚಿನ ಹಗ್ಗ ಕಟ್ಟೋಣವೆಂದರೆ ಸುತ್ತ ಒಂದು ಮರವಿಲ್ಲ. ಬಂಪರಿನ ದೀಪ, ಎಂಜಿನ್ನಿಗೆ ಮೇಲಿಂದ ಗಾಳಿ ಎಳೆಯುವ ಎತ್ತರದ ಸ್ನಾರ್ಕಲ್ ಯಾವುದೂ ಉಪಯೋಗಕ್ಕೆ ಬರುವಂತಿರಲಿಲ್ಲ. ಗಾಳಿ ಇಳಿಸು ಅಂದೆ. ಅವನು ಗೇಜು ಹಿಡಿದು ನಾಲ್ಕೂ ಚಕ್ರವನ್ನು 32 ಪಿಎಸ್‌ಐಯಿಂದ 18ಕ್ಕೆ ಇಳಿಸಿದ. ಟಯರು ನೆಲದ ಮೇಲೆ ಉದ್ದಕ್ಕೆ ಹರಡಿಕೊಂಡಿತು, ಒಂಟೆಯ ಪಾದದ ಹಾಗೆ. ಸಲಿಕೆಯಿಂದ ಚಕ್ರದ ಮುಂದಿನ ಗೋಡು ತೆಗೆದು ಪ್ಲಾಸ್ಟಿಕ್ಕಿನ ಹಲ್ಲಿನ ಹಲಗೆ ಎರಡನ್ನು ತೂರಿಸಿದೆವು. ಲೋ ರೇಂಜಿನಲ್ಲಿ, ಆಕ್ಸಿಲರೇಟರು ಮುಟ್ಟಿಯೂ ಮುಟ್ಟದ ಹಾಗೆ, ಗಾಡಿ ತೆವಳಿಕೊಂಡು ಎದ್ದು ಬಂತು.

ಏರಿಯ ಮೇಲೆ ಎಮ್ಮೆ ಹೊಡೆದುಕೊಂಡು ಬಂದ ಹೆಂಗಸೊಬ್ಬರು ನಿಂತು ನೋಡುತ್ತಿದ್ದರು. "ದನ ನೀರಿಗೆ ಇಳಿಯೋ ದಾರಿ ಇದು. ಮುಚ್ಚಾಕಿ ಹೋಗಪ್ಪ, ಎಮ್ಮೆ ಕಾಲು ಉಳುಕ್ತದೆ" ಅಂದರು. ನೋಡಿದರೆ ಎರಡು ಗೇಣು ಆಳದ ಕೊರಕಲು, ಹತ್ತು ಹನ್ನೆರಡು ಅಡಿ ಉದ್ದ. ಸಲಿಕೆ ತೆಗೆದುಕೊಂಡು ಇಬ್ಬರೂ ಮುಚ್ಚಿ, ತುಳಿದು ಗಟ್ಟಿ ಮಾಡುವುದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಲಕ್ಷಗಟ್ಟಲೆ ಖರ್ಚಿನ ಆ ಗಾಡಿಯಲ್ಲಿ ಅವತ್ತು ಕೆಲಸಕ್ಕೆ ಬಂದದ್ದು ಗಾಳಿಯ ಗೇಜು, ಎರಡು ಹಲಗೆ, ಒಂದು ಸಲಿಕೆ, ಮತ್ತೆ ಗಾಳಿ ತುಂಬಿಸುವ ಚಿಕ್ಕ ಕಂಪ್ರೆಸರು.

ಆ ಹೆಂಗಸಿನ ಮಾತಿನಲ್ಲಿ ಈ ಹವ್ಯಾಸದ ದೊಡ್ಡ ಕೊರತೆ ಕಾಣುತ್ತದೆ: ಇದು ಇಲ್ಲಿನ ನೆಲ ನೋಡಿ ಹುಟ್ಟಿದ್ದಲ್ಲ. ಉಕ್ಕಿನ ಬಂಪರು, ಸ್ನಾರ್ಕಲ್, ನೀರಿನ ಟ್ಯಾಂಕು, ನೆತ್ತಿಯ ಟೆಂಟು ಇವೆಲ್ಲ ಒಟ್ಟಿಗೆ ಒಂದು ಪದ್ಧತಿಯಾಗಿ ಬೆಳೆದದ್ದು ಹೆಚ್ಚಾಗಿ ಆಸ್ಟ್ರೇಲಿಯಾದಲ್ಲಿ. ಅಲ್ಲಿ ನೂರಾರು ಕಿಲೋಮೀಟರ್ ಊರಿಲ್ಲ, ಬಂಕಿಲ್ಲ. ಕತ್ತಲಲ್ಲಿ ಕಾಂಗರೂ ಬಡಿದರೆ ರೇಡಿಯೇಟರು ಒಡೆದು ನಿಂತುಬಿಡುವ ಭಯ. ಅದಕ್ಕೇ ಆ ಬಂಪರು. ಅರಸೀಕೆರೆಯಿಂದ ಬೇಲೂರಿನವರೆಗೆ ಹೋಟೆಲಿಲ್ಲದ, ಪಂಕ್ಚರ್ ಅಂಗಡಿಯಿಲ್ಲದ ಊರು ಹುಡುಕುವುದೇ ಕಷ್ಟ. ಇಲ್ಲಿ ಖಾಲಿ ಜಾಗವೆಂಬುದೂ ಇಲ್ಲ. ದಾರಿ ಬಿಟ್ಟು ಇಳಿದದ್ದು ಯಾರದೋ ರಾಗಿ ಹೊಲ, ಇಲ್ಲವೇ ಗೋಮಾಳ, ಇಲ್ಲವೇ ಕೆರೆ ಅಂಗಳ. ಹಳೇಬೀಡಿನ ಸುತ್ತಲಂತೂ ನೆಲದಡಿ ಹೊಯ್ಸಳರ ರಾಜಧಾನಿ ದ್ವಾರಸಮುದ್ರ ಪಟ್ಟಣವೇ ಮಲಗಿದೆ. ನಗರೇಶ್ವರದ ಬಳಿ ಅಗೆದಾಗ ಗುಡಿಗಳ ಬುನಾದಿಗಳೇ ಎದ್ದುಬಂದವು. ಕೋಟೆಯ ಗೋಡೆ ಹಲವು ಕಡೆ ಮಣ್ಣಿನ ದಿಬ್ಬದ ಹಾಗೆ ಉಳಿದಿದೆ. ಗೊತ್ತಿಲ್ಲದವರ ಕಣ್ಣಿಗೆ ಅದು ಗಾಡಿ ಹತ್ತಿಸಿ ಪರೀಕ್ಷಿಸುವುದಕ್ಕೆ ಒಳ್ಳೆಯ ಏರು. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಗುಡಿಗಳು ಯುನೆಸ್ಕೋ ಪಟ್ಟಿಗೆ ಸೇರಿದವು. ದಿಬ್ಬ ಪಟ್ಟಿಯೊಳಗಿರಲಿ ಹೊರಗಿರಲಿ, ಅದರ ಮೇಲೆ ಚಕ್ರ ಹತ್ತಿಸಬಾರದು.

ಬೇಲೂರು ದಾಟಿ ಬಿಕ್ಕೋಡು, ಅರೇಹಳ್ಳಿ ಕಡೆಗೆ ಹೋದರೆ ಕಾಫಿ ತೋಟಗಳಲ್ಲಿ ಕಾಡಾನೆ. ಆ ಕಡೆಯ ಜನ ಸಂಜೆಯಾದರೆ ಅಂಗಳಕ್ಕೆ ಇಳಿಯಲು ಯೋಚಿಸುತ್ತಾರೆ. ನೆತ್ತಿಯ ಮೇಲಿನ ಟೆಂಟು ಪ್ರಾಣಿಗಳಿಂದ ಸುರಕ್ಷಿತವೆಂದು ಹೇಳಿ ಮಾರುತ್ತಾರೆ. ಗಾಡಿಯ ಛಾವಣಿ ಇರುವುದು ಆರಡಿಯಿಂದ ಸ್ವಲ್ಪ ಮೇಲೆ, ದೊಡ್ಡ ಸಲಗ ನಿಂತರೆ ಭುಜದ ಎತ್ತರವೇ ಒಂಬತ್ತು ಅಡಿ. 2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ, ಮೈಸೂರು ದಸರಾದಲ್ಲಿ ಎಂಟು ಸಲ ಅಂಬಾರಿ ಹೊತ್ತಿದ್ದ ಸಾಕಾನೆ ಅರ್ಜುನನೇ ಕಾಡಾನೆಯ ತಿವಿತಕ್ಕೆ ಸತ್ತ. ಮಾವುತರು, ಬೇರೆ ಸಾಕಾನೆಗಳು ಜೊತೆಗಿದ್ದ, ಕಾಡಾನೆ ಹಿಡಿಯುವ ಕಾರ್ಯಾಚರಣೆ ಅದು. ಆ ನಾಡಿನಲ್ಲಿ ಕ್ಯಾನ್ವಾಸಿನೊಳಗೆ ಮಕ್ಕಳನ್ನು ಮಲಗಿಸುವವರಿಗೆ ದಯವಿಟ್ಟು ಬೇಡ ಎನ್ನುತ್ತೇನೆ. ತೋಟದವರ ಮನೆ ಜಗಲಿ ಕೇಳಿ, ಹೋಂಸ್ಟೇ ಹಿಡಿಯಿರಿ. ಮೀಸಲು ಅರಣ್ಯದಲ್ಲಂತೂ ಅಪ್ಪಣೆಯಿಲ್ಲದೆ ನುಗ್ಗುವುದು, ಬೆಂಕಿ ಹಾಕುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಅಪರಾಧ.

ಗಾಡಿಯನ್ನು ನೆಲಕ್ಕೆ ಹೊಂದಿಸುವ ವಿದ್ಯೆ ನಮ್ಮಲ್ಲಿ ಇಲ್ಲದ್ದೇನಲ್ಲ. ಮಲೆನಾಡಿನ ತೋಟದ ಜೀಪುಗಳನ್ನು ನೋಡಿ. ಕೊಡಚಾದ್ರಿಗೆ, ಮಾಂದಲಪಟ್ಟಿಗೆ ಜನ ಹತ್ತಿಸುವ ಜೀಪುಗಳೂ ಅದೇ ಜಾತಿ. ಟಾರ್ಪಾಲಿನ ಹುಡ್ಡು, ಎದುರುಬದಿರು ಬೆಂಚು, ಮಳೆಗಾಲದಲ್ಲಿ ಕೆಸರಿನ ಏರಿಗೆ ಚಕ್ರಕ್ಕೆ ಸುತ್ತುವ ಸರಪಳಿ. ಬೇಡದ್ದನ್ನು ಕಳಚಿ ಹಾಕುವುದೇ ಅಲ್ಲಿನ ಮಾರ್ಪಾಡು. ಹಗುರ, ಸಪೂರ, ಸಿಕ್ಕಿಕೊಂಡರೆ ನಾಲ್ಕು ಜನ ನೂಕಿದರೆ ಬರುವಂಥದ್ದು. ಹಾಗೆಂದು ಅವನ್ನು ಹಾಡಿ ಹೊಗಳುವುದಿಲ್ಲ. ಒಂದು ಜೀಪಿಗೆ ಹತ್ತು ಜನರನ್ನು ತುಂಬುವುದು, ಸೀಟ್ ಬೆಲ್ಟಿಲ್ಲದಿರುವುದು, ಸಾಲುಗಟ್ಟಿ ಓಡಿ ಗುಡ್ಡದ ದಾರಿಯನ್ನು ಕೊರಕಲು ಮಾಡುವುದು ಕಣ್ಣೆದುರೇ ಇದೆ. ಕಲಿಯಬೇಕಾದದ್ದು ಅವುಗಳ ಹಗುರವನ್ನು, ನೆಲ ಬಲ್ಲ ಡ್ರೈವರುಗಳ ಕಾಲಿನ ಹದವನ್ನು.

ಮಾರ್ಪಾಡಿನ ವಿಷಯದಲ್ಲಿ ಕಾನೂನು ಇನ್ನೂ ಬಿಗಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ಕೊಟ್ಟ ವಿವರಕ್ಕೆ ಹೊಂದದಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. ಮುಂದೆ ಕಟ್ಟುವ ಇಂಥ ಉಕ್ಕಿನ ಬಂಪರು, ಬುಲ್ ಬಾರುಗಳ ವಿರುದ್ಧ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಸೂಚನೆ ಕಳಿಸಿತ್ತು. ಡಿಕ್ಕಿಯ ಪೆಟ್ಟನ್ನು ಅವು ನೇರ ಚಾಸಿಗೆ ದಾಟಿಸುತ್ತವೆ, ಏರ್‌ಬ್ಯಾಗ್ ತೆರೆದುಕೊಳ್ಳುವ ಲೆಕ್ಕ ತಪ್ಪಿಸುತ್ತವೆ, ಅಡ್ಡ ಬಂದ ಮನುಷ್ಯನ ಮೂಳೆ ಮುರಿಯುತ್ತವೆ. ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ಮೇಲೆ 2024ರ ಜುಲೈನಿಂದ ನಮ್ಮ ರಾಜ್ಯದ ಪೊಲೀಸರು ಪ್ರಕರಣ ಹಾಕತೊಡಗಿದರು. ಸೇನೆಯ ಆಲಿವ್ ಹಸಿರು ಬಣ್ಣ ಬಳಿಸುವುದಕ್ಕೂ ಖಾಸಗಿಯವರಿಗೆ ಅವಕಾಶವಿಲ್ಲ. ಇದನ್ನೆಲ್ಲ ಮಾಡಿಕೊಡುವ ಗ್ಯಾರೇಜುಗಳು ಗಿರಾಕಿಗೆ ಮೊದಲೇ ತಿಳಿಸುವುದು ಧರ್ಮ. ಅಪಘಾತವಾದ ಮೇಲೆ ವಿಮೆಯವರು ತಿಳಿಸಿದರೆ ಪ್ರಯೋಜನವಿಲ್ಲ.

ಎರಡನೆಯ ರಾತ್ರಿ ನೆಂಟರ ತೆಂಗಿನ ತೋಟದಲ್ಲಿ, ಅವರನ್ನು ಕೇಳಿಯೇ, ಮಲಗಿದೆವು. ಹುಡುಗ ಟೆಂಟು ಬಿಚ್ಚಲಿಲ್ಲ. ಹಿಂದಿನ ಸೀಟು ಮಡಚಿ, ಡ್ರಾಯರಿನ ಮೇಲೆ ಹಾಸಿಗೆ ಹಾಸಿ, ಡಿಕ್ಕಿ ಬಾಗಿಲು ಮೇಲೆತ್ತಿ ಸೊಳ್ಳೆಪರದೆ ಕಟ್ಟಿದ. ಇಬ್ಬರೂ ಸುಖವಾಗಿ ನಿದ್ದೆ ಮಾಡಿದೆವು. ಊರಿಗೆ ಮರಳಿದ ವಾರವೇ ಕ್ಯಾರಿಯರು, ಟೆಂಟು, ಉಕ್ಕಿನ ಬಂಪರು, ವಿಂಚು ಇಳಿಸಿದ. ಕಂಪನಿಯ ಬಂಪರು ವಾಪಸು ಬಂತು, ಮೇಲಿನ ದೀಪಗಳು ಹೋದವು. ಟಯರು, ಕಂಪ್ರೆಸರು, ಹಲಗೆ, ಸಲಿಕೆ, ಡ್ರಾಯರು ಉಳಿದವು. ಟಯರು ಬದಲಾದ ವಿಷಯ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸುವುದಾಗಿಯೂ ಹೇಳಿದ್ದಾನೆ.

ಗಾಡಿ ಮಾರ್ಪಡಿಸಬೇಕೆಂದಿರುವವರಲ್ಲಿ ನನ್ನ ವಿನಂತಿ ಇಷ್ಟು. ಒಂದು ವರ್ಷ ಕಂಪನಿ ಕೊಟ್ಟ ಹಾಗೇ ಓಡಿಸಿ, ಗಾಳಿಯ ಗೇಜು, ಸಲಿಕೆ ಮಾತ್ರ ಇಟ್ಟುಕೊಳ್ಳಿ. ಆಮೇಲೂ ಏನಾದರೂ ಹಾಕಿಸಲೇಬೇಕೆನಿಸಿದರೆ, ಹಾಕಿಸುವ ಮುಂಚೆ ಒಮ್ಮೆ, ಹಾಕಿಸಿದ ಮೇಲೆ ಒಮ್ಮೆ ಹತ್ತಿರದ ವೇಬ್ರಿಡ್ಜಿಗೆ ಗಾಡಿ ಹತ್ತಿಸಿ, ಎರಡೂ ಚೀಟಿಯನ್ನು ಆರ್‌ಸಿ ಜೊತೆ ಇಟ್ಟುಕೊಳ್ಳಿ.