ಸೊನ್ನೆಯೋ ಅನುಸ್ವಾರವೋ

ಸಾಸ್ವೆಹಳ್ಳಿಯ ನಮ್ಮ ಮನೆಯಲ್ಲಿ ಅಡಿಕೆ ಸುಗ್ಗಿ ಬಂತೆಂದರೆ ಅಂಗಳದಲ್ಲಿ ಸುಲಿಯುವ ಮೆಷಿನ್ನಿನ ಸದ್ದು, ಅಟ್ಟದ ಮೇಲೆ ನನ್ನ ಲ್ಯಾಪ್‌ಟಾಪು. ಮೊದಲು ಹೆಂಗಸರು ಮೆಟ್ಟುಗತ್ತಿ ಮುಂದೆ ರಾತ್ರಿಯವರೆಗೂ ಕೂತು ಸುಲಿಯುತ್ತಿದ್ದರು. ಈಗ ಅದು ಮೆಷಿನ್ನಿನ ಪಾಲು. ಬೇಯಿಸಿ ಒಣಗಿಸಿದ ಮೇಲೆ ಆರಿಸುವುದು ಮಾತ್ರ ಇನ್ನೂ ಕೈಯಲ್ಲೇ. ಕೋಡ್ ರಿವ್ಯೂಗೆ ಸಣ್ಣಪುಟ್ಟ ತಪ್ಪು ತಾನೇ ಹೆಕ್ಕುವ ಲಿಂಟರ್ ಬೇಕೆಂದು ನಮ್ಮ ತಂಡದಲ್ಲಿ ನಾನು ಹಟ ಹಿಡಿದಾಗ ಹೇಳಿದ್ದೂ ಇದನ್ನೇ.

ಹಟಕ್ಕೆ ಕಾರಣ ಒಂದು ಸೊನ್ನೆ. ನಮ್ಮ ಆ್ಯಪ್‌ನಲ್ಲಿ ಸಂತೆ ದಿನಗಳ ಪಟ್ಟಿ ಇದೆ. ಹೊಸ ಹುಡುಗನೊಬ್ಬ ಕಳಿಸಿದ ಕೋಡಿಗೆ ಹನ್ನೊಂದು ಕಾಮೆಂಟು ಬಿದ್ದವು: ಒಂಟಿ ಕೋಟ್ ಬೇಕೋ ಜೋಡಿಯೋ, ಸಾಲಿನ ಮೊದಲಿಗೆ ಎರಡು ಸ್ಪೇಸ್ ಬಿಡಬೇಕೋ ನಾಲ್ಕೋ. ಎರಡು ದಿನ ಜಗ್ಗಾಡಿ ಪಾಸು ಮಾಡಿದೆವು. ಆಮೇಲೆ ನೋಡಿದರೆ ‘ಸಂತೆ’ ಎಂದು ಹುಡುಕಿದವರಿಗೆ ಏನೂ ಸಿಗುತ್ತಿಲ್ಲ. ಹುಡುಗ ಟೈಪಿಸಿದ್ದು ‘ಸ೦ತೆ’. ಎರಡನ್ನೂ ಇನ್ನೊಮ್ಮೆ ನೋಡಿ. ಮೊದಲನೆಯದರಲ್ಲಿ ಇರುವುದು ಅನುಸ್ವಾರ, ಯುನಿಕೋಡ್‌ನಲ್ಲಿ 0ಸಿ82. ಎರಡನೆಯದರಲ್ಲಿ ಕನ್ನಡದ ಸೊನ್ನೆ, 0ಸಿಇ6. ಹನ್ನೊಂದರಲ್ಲಿ ನಾಲ್ಕು ಕಾಮೆಂಟು ನನ್ನವೇ.

ಲಿಂಟ್ ಎಂದರೆ ಬಟ್ಟೆಗೆ ಅಂಟುವ ಜುಂಗು. ದಾವಣಗೆರೆಯ ಹತ್ತಿ ಗಿರಣಿಗಳಲ್ಲಿ ದುಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೆಲ್ ಲ್ಯಾಬ್ಸ್‌ನ ಸ್ಟೀಫನ್ ಜಾನ್ಸನ್ ಸಿ ಭಾಷೆಯ ಕೋಡಿನಿಂದ ಅಂಥ ಜುಂಗು ಹೆಕ್ಕಲು ಬರೆದ ಪ್ರೋಗ್ರಾಮಿಗೆ ಅದೇ ಹೆಸರಿಟ್ಟರು. 1979ರ ಯುನಿಕ್ಸ್ ಏಳನೇ ಆವೃತ್ತಿಯ ಜೊತೆ ಅದು ಹೊರಬಂತು. ನನಗೆ ಹೆಚ್ಚು ಹಿಡಿಸುವುದು ಕೋಡನ್ನು ತಾನೇ ಒಂದೇ ಅಚ್ಚಿಗೆ ತರುವ, ಗೋ ಭಾಷೆಯ ಗೋಫಮ್ಟ್. ಅದರಲ್ಲಿ ಶೈಲಿ ಆರಿಸಿಕೊಳ್ಳುವ ಅವಕಾಶವೇ ಇಲ್ಲ, ಹಾಗಾಗಿ ಜಗಳವೂ ಇಲ್ಲ.

ಲಿಂಟರ್ ತಂದಾಗ ನಾವು ಮಾತ್ರ ಅವಸರ ಬಿದ್ದೆವು. ಹಳೆಯ ಕೋಡನ್ನೆಲ್ಲ ಒಂದೇ ಕಮಿಟ್‌ನಲ್ಲಿ ನೇರ ಮಾಡಿದೆ. ಮರುದಿನ, ಯಾವ ಸಾಲು ಯಾರದೆಂದು ತೋರಿಸುವ ಗಿಟ್ ಬ್ಲೇಮ್ ತೆಗೆದರೆ ಹೆಚ್ಚುಕಡಿಮೆ ಪ್ರತಿ ಸಾಲಿನ ಮುಂದೂ ನನ್ನ ಹೆಸರು! ಇಂಥ ಕಮಿಟ್ ಬಿಟ್ಟು ನೋಡುವ ಸೌಕರ್ಯ 2019ರ ಗಿಟ್ 2.23ರಿಂದ ಇದೆ ಎಂದು ಆಗಲೇ ಕಲಿತದ್ದು. ಈಗ ತಪಾಸಣೆ ಬದಲಾದ ಸಾಲುಗಳಿಗಷ್ಟೇ.

ಇನ್ನೊಂದು ಎಡವಟ್ಟು ಇದಕ್ಕಿಂತ ಸ್ವಾರಸ್ಯದ್ದು. ಪದದ ನಡುವೆ ಸೊನ್ನೆ ಕಂಡರೆ ತಡೆ ಎಂಬ ನಿಯಮ ಸರಿಯಾಗೇ ಇತ್ತು. ಅದೇ ಹುಮ್ಮಸ್ಸಿನಲ್ಲಿ ಕಣ್ಣಿಗೆ ಕಾಣದ ಅಕ್ಷರಗಳನ್ನೂ ಅಳಿಸು ಎಂದುಬಿಟ್ಟೆ. ‘ರ‍್ಯಾಂಕ್’ ಹೋಗಿ ಅರ್ಕಾವತ್ತು ಹೊತ್ತ ‘ರ್ಯಾಂಕ್’ ಬಂತು. ರಕಾರವನ್ನು ಮುಂದೆ ನಿಲ್ಲಿಸುವುದೇ ಆ ಕಾಣದ ಜೋಡಕ. ನಿಯಮ ಸಡಿಲಿಸಿದೆ.

ಮೊನ್ನೆ ನನ್ನ ಕೋಡಿಗೆ ಲಿಂಟರ್ ಹಸಿರು ತೋರಿಸಿತು. ಕೆಳಗೆ ಅದೇ ಹುಡುಗನ ಒಂದು ಸಾಲು: ‘ಅಣ್ಣ, ಹಬ್ಬ ಬಂದು ಸಂತೆ ಒಂದು ದಿನ ಮೊದಲೇ ನಡೆದರೆ ಇದು ಏನು ತೋರಿಸುತ್ತೆ?’ ತಿದ್ದಲು ಒಂದಿಡೀ ಸಂಜೆ ಹಿಡಿಯಿತು.