ಫಾರ್ಮ್ಯಾಟ್ ಎಂಬ ಒಂದೇ ಮದ್ದು

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಎರಡನೇ ಹಂತದಲ್ಲಿ ನಮ್ಮ ಮನೆ ಮೊದಲ ಮಹಡಿಯಲ್ಲಿದೆ, ಕೆಳಗೆ ಗ್ರೈಂಡಿಂಗ್ ಶೆಡ್ಡು. ಮಗ ಮೆಕ್ಯಾನಿಕಲ್ ಡಿಪ್ಲೊಮಾ ಓದುತ್ತಾನೆ. ರಾತ್ರಿ ಅವನು ಕ್ಯಾಡ್ ಮಾಡೆಲ್ ರೆಂಡರಿಗೆ ಹಾಕಿದರೆ ಹತ್ತು ನಿಮಿಷದೊಳಗೆ ಕಂಪ್ಯೂಟರ್ ಹ್ಯಾಂಗ್. ಮೌಸ್ ಅಲುಗದು, ಕೀಬೋರ್ಡಿನ ದೀಪ ಬದಲಾಗದು. ಮೂರು ಸಲ ರಿಪೇರಿಗೆ ಹೊತ್ತೊಯ್ದೆವು, ಮೂರು ಸಲವೂ ಒಂದೇ ತೀರ್ಪು ಸಿಕ್ಕಿತು: "ವಿಂಡೋಸ್ ಕರಪ್ಟ್ ಆಗಿದೆ ಸಾರ್, ಫಾರ್ಮ್ಯಾಟ್ ಹೊಡೆದುಬಿಡೋಣ." ಎರಡನೇ ಸಲ ಮಗನ ಪ್ರಾಜೆಕ್ಟ್ ಫೈಲುಗಳೂ ಅಳಿಸಿಹೋದವು.

ಈ ಫಾರ್ಮ್ಯಾಟ್ ಪದ್ಧತಿಯ ಬಗ್ಗೆ ನನ್ನ ತಕರಾರು ಇರುವುದು ಅದರ ಪರೀಕ್ಷೆಯಲ್ಲಿ. ರಿಪೇರಿಯಾದ ಮೇಲೆ ಯಂತ್ರವನ್ನು ಆನ್ ಮಾಡುತ್ತಾರೆ, ಒಂದು ಹಾಡು ಹಾಕುತ್ತಾರೆ, ಬ್ರೌಸರ್ ತೆರೆದು ತೋರಿಸುತ್ತಾರೆ. ಅಷ್ಟಕ್ಕೆ ಪ್ರೊಸೆಸರ್ ಬೆವರುವುದೇ ಇಲ್ಲ. ಭಾರ ಬಿದ್ದಾಗ ಮಾತ್ರ ಕಾಣಿಸುವ ಕಾಯಿಲೆಯನ್ನು ಭಾರ ಹಾಕದೆ ಪರೀಕ್ಷಿಸಿ ವಾಸಿಯಾಗಿದೆ ಎನ್ನುವುದು ಹೇಗೆ? ಫಾರ್ಮ್ಯಾಟ್ ಆದ ಹೊಸದರಲ್ಲಿ ಹಿಂದೆ ಓಡುವ ಪ್ರೋಗ್ರಾಂಗಳು ಕಡಿಮೆ ಇರುವುದರಿಂದ ನಾಲ್ಕು ದಿನ ಹಗುರವೆನಿಸುತ್ತದೆ. ಐದನೇ ದಿನ ರೆಂಡರಿಗೆ ಹಾಕಿದರೆ ಮತ್ತೆ ಅದೇ ಕಥೆ.

ನನಗೆ ಹೆಚ್ಚು ನೋವಾದದ್ದು ಇದು ಪೀಣ್ಯದಲ್ಲಿ ನಡೆಯುತ್ತಿದೆ ಎಂಬುದಕ್ಕೆ. ಇಲ್ಲಿನ ಕೈಗಾರಿಕೆಗಳ ಸಂಘವೇ 1978ರದ್ದು. ಯಂತ್ರ ಕೆಟ್ಟರೆ ಕಾರಣ ಹುಡುಕುವ ವಿದ್ಯೆ ಈ ಊರಿನ ಕೈಗೆ ಹತ್ತಿದೆ. ಸಿಎನ್‌ಸಿ ಮಷಿನ್ ನಿಂತರೆ ಇಲ್ಲಿನ ಆಪರೇಟರ್ ಮೊದಲು ಸ್ಪಿಂಡಲ್ ಲೋಡ್ ಮೀಟರ್ ನೋಡುತ್ತಾನೆ, ಪ್ಯಾನೆಲ್ ಬಾಗಿಲು ತೆರೆದು ಫ್ಯಾನಿನ ಫಿಲ್ಟರ್ ಕಟ್ಟಿಕೊಂಡಿದೆಯೇ ಎಂದು ಕೈಯಿಟ್ಟು ನೋಡುತ್ತಾನೆ. ಪ್ರೋಗ್ರಾಂ ಅಳಿಸಿ ಹೊಸದಾಗಿ ಬರೆಯೋಣ ಎಂದು ಅವನು ಹೊರಡುವುದಿಲ್ಲ. ಅದೇ ಮನುಷ್ಯ ಮನೆಯ ಕಂಪ್ಯೂಟರಿನ ವಿಷಯದಲ್ಲಿ ಫಾರ್ಮ್ಯಾಟಿಗೆ ತಲೆಯಾಡಿಸಿಬಿಡುತ್ತಾನೆ.

ಕೊನೆಗೆ ಪಕ್ಕದ ಮನೆಯ ಫಿಟ್ಟರ್ ಬಂದು ಕ್ಯಾಬಿನೆಟ್ ಬಿಚ್ಚಿದರು. ಪ್ರೊಸೆಸರಿನ ಶಾಖ ಹೀರುವ ಹೀಟ್‌ಸಿಂಕಿನ ಅಲ್ಯೂಮಿನಿಯಂ ಎಲೆಗಳ ನಡುವೆ ಕಂದು ಬಣ್ಣದ ಪದರ ಕಟ್ಟಿತ್ತು. ಅದು ಒಣ ಧೂಳಲ್ಲ. ಶೆಡ್ಡಿನ ಕೂಲೆಂಟ್ ಎಣ್ಣೆಯ ಮಂಜಿನಲ್ಲಿ ಕಲಸಿಕೊಂಡು ಕಂಬಳಿಯಂತೆ ಗಟ್ಟಿಯಾಗಿದ್ದ ಧೂಳು. ಇಂಥದ್ದಕ್ಕೆ ಬ್ಲೋಯರ್ ಸಾಲದು. ಕಾರ್ಖಾನೆಯ ಕಂಪ್ರೆಸರ್ ಗಾಳಿ ಹೊಡೆಯುವುದಂತೂ ತಪ್ಪು, ಆ ಪೈಪಿನಲ್ಲಿ ನೀರಿನ ಹನಿಯೂ ಬರುತ್ತದೆ. ಅವರು ಹೀಟ್‌ಸಿಂಕನ್ನು ಕಳಚಿ, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಬ್ರಶ್ ಅದ್ದಿ ತಿಕ್ಕಿದರು. ಪ್ರೊಸೆಸರ್ ಮೇಲಿನ ಹಳೆಯ ಥರ್ಮಲ್ ಪೇಸ್ಟ್ ಸುಣ್ಣದ ಹಕ್ಕಳೆಯಂತೆ ಉದುರಿತು. ಹೀಟ್‌ಸಿಂಕಿನ ನಾಲ್ಕು ಪ್ಲಾಸ್ಟಿಕ್ ಪಿನ್ನುಗಳಲ್ಲಿ ಒಂದು ಬೋರ್ಡಿನಿಂದ ಮೇಲೆದ್ದಿತ್ತು. ಅಂದರೆ ಹೀಟ್‌ಸಿಂಕ್ ಪ್ರೊಸೆಸರ್ ಮೇಲೆ ಓರೆಯಾಗಿ ಕೂತಿತ್ತು. ಮೂರು ಸಲ ಅಂಗಡಿ ಮೆಟ್ಟಿಲು ಹತ್ತಿದ ಪೆಟ್ಟಿಗೆಯಲ್ಲಿ ಈ ಪಿನ್ನನ್ನು ಯಾರೂ ಒತ್ತಿ ನೋಡಿರಲಿಲ್ಲ.

ಹೊಸ ಪೇಸ್ಟ್ ಹಚ್ಚಿ, ಪ್ರೊಸೆಸರಿಗೆ ಪೂರ್ತಿ ಭಾರ ಹಾಕುವ ಪ್ರೈಮ್95 ಪ್ರೋಗ್ರಾಂ ಓಡಿಸಿದೆವು. ಮೊದಲು ಎರಡೇ ನಿಮಿಷಕ್ಕೆ 100 ಡಿಗ್ರಿ ಮುಟ್ಟುತ್ತಿದ್ದ ಶಾಖ ಈಗ 78ಕ್ಕೆ ನಿಂತಿತು. ಆದರೂ ಹ್ಯಾಂಗ್ ಆಯಿತು!

ಇಲ್ಲೇ ನಾನು ಕಲಿತದ್ದು. ಬಿಸಿಯಾದ ಪ್ರೊಸೆಸರ್ ಸಾಮಾನ್ಯವಾಗಿ ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ, ಮಿತಿ ಮೀರಿದರೆ ಯಂತ್ರವನ್ನೇ ಆರಿಸುತ್ತದೆ. ಶಾಖ ಹದದಲ್ಲಿದ್ದೂ ಕಲ್ಲಿನಂತೆ ನಿಂತುಬಿಟ್ಟರೆ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್ ಮೇಲೆ, ರ‍್ಯಾಮ್ ಮೇಲೆ, ಕೆಲವೊಮ್ಮೆ ಪ್ರೊಸೆಸರ್ ಮೇಲೆಯೇ ಅನುಮಾನ ಪಡಬೇಕು. ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಹೆಚ್ಚಿನ ವೋಲ್ಟೇಜಿನಿಂದ ಹಾಳಾಗುತ್ತಿದ್ದವು. ಕಂಪನಿ 2024ರಲ್ಲಿ ಮೈಕ್ರೋಕೋಡ್ ತಿದ್ದಿ, ವಾರಂಟಿಯನ್ನು ಎರಡು ವರ್ಷ ಹೆಚ್ಚಿಸಿತು. ಅಂಥ ಯಂತ್ರಕ್ಕೆ ನೂರು ಸಲ ಫಾರ್ಮ್ಯಾಟ್ ಮಾಡಿದರೂ ಫಲವಿಲ್ಲ.

ನಮ್ಮದು ಅಷ್ಟು ಹೊಸದಲ್ಲ. ಫಿಟ್ಟರ್ ಮಲ್ಟಿಮೀಟರ್ ಹಿಡಿದು ಎಸ್‌ಎಂಪಿಎಸ್‌ನ ಹಳದಿ ವೈರ್ ಅಳೆದರು. ಸುಮ್ಮನಿದ್ದಾಗ 12 ವೋಲ್ಟ್, ಲೋಡ್ ಬಿದ್ದೊಡನೆ 11.2. ಅದು 11.4ಕ್ಕಿಂತ ಕೆಳಗಿಳಿಯಬಾರದು. ಎಸ್‌ಎಂಪಿಎಸ್ ಬದಲಿಸಿದೆವು. ಅಂದಿನಿಂದ ಮಗನ ರೆಂಡರ್ ರಾತ್ರಿಯಿಡೀ ಓಡುತ್ತಿದೆ.

ರಿಪೇರಿ ಹುಡುಗರ ಕಷ್ಟ ನನಗೆ ಗೊತ್ತು. ಫಾರ್ಮ್ಯಾಟಿಗೆ ದರ ಗೊತ್ತಿದೆ, ಕಾರಣ ಹುಡುಕುವ ಅರ್ಧ ದಿನಕ್ಕೆ ದುಡ್ಡು ಕೊಡಲು ನಾವು ಗಿರಾಕಿಗಳು ಹಿಂದೆಮುಂದೆ ನೋಡುತ್ತೇವೆ. ಆ ದುಡ್ಡನ್ನು ಸಂತೋಷದಿಂದ ಕೊಡಿ. ಆದರೆ ಫಾರ್ಮ್ಯಾಟಿಗೆ ಒಪ್ಪುವ ಮುನ್ನ, ಯಂತ್ರವನ್ನು ಅರ್ಧ ಗಂಟೆ ಪೂರ್ತಿ ಲೋಡಿನಲ್ಲಿ ಓಡಿಸಿ ಶಾಖ ಮತ್ತು ವೋಲ್ಟೇಜ್ ಎರಡನ್ನೂ ತೋರಿಸಿ ಎಂದು ಪಟ್ಟು ಹಿಡಿದು ಕೇಳಿ.