ಬೆಂಝ್ ಎಂಬ ಹೆಸರಿನ ಕಥೆ: ಹೇಳಿದ್ದು, ಹೇಳದೆ ಬಿಟ್ಟದ್ದು

ಬೆಂಝ್ ಕಾರಿನಲ್ಲಿ ಒಮ್ಮೆಯೂ ಕುಳಿತಿರದವರಿಗೂ ಬೆಂಝ್ ಎಂದರೆ ಏನೆಂದು ಗೊತ್ತು. ಮದುವೆ ಮಂಟಪದ ಮುಂದೆ ಅದು ಬಂದು ನಿಂತರೆ ಸಾಕು, ಒಳಗಿನಿಂದ ಇಳಿಯುವವರು ಯಾರೆಂದು ತಿಳಿಯುವ ಮೊದಲೇ ಜನ ಸರಿದು ದಾರಿ ಬಿಡುತ್ತಾರೆ. ಕಬ್ಬಿಣ, ಗಾಜು, ರಬ್ಬರುಗಳಿಂದ ಮಾಡಿದ ಒಂದು ವಸ್ತುವಿಗೆ ಇಷ್ಟು ಮರ್ಯಾದೆ ಬಂದದ್ದಾದರೂ ಹೇಗೆ? ಉರ್ದುವಿನಲ್ಲಿ 'ಸಾಖ್' ಎಂಬ ಮಾತಿದೆ. ಒಬ್ಬ ವ್ಯಾಪಾರಿಯ ಮಾತಿನ ಮೇಲೆ ಊರಿನವರು ಇಟ್ಟ ನಂಬಿಕೆಗೆ ಆ ಹೆಸರು. 'ಶೊಹ್ರತ್' ಬೇರೆ; ಅದು ಬರೀ ಪ್ರಸಿದ್ಧಿ. ಇವೆರಡನ್ನೂ ಬೆರೆಸಿ ಒಂದೇ ಎಂದು ತೋರಿಸುವುದು ಜಾಹೀರಾತಿನ ಕೆಲಸ. ಬಿಡಿಸಿ ನೋಡುವುದು ವಿಮರ್ಶೆಯ ಕೆಲಸ. ಕಂಪೆನಿಯೊಂದು ತನ್ನ ಬಗ್ಗೆ ಹೇಳಿಕೊಳ್ಳುವ ಚರಿತ್ರೆಯನ್ನೂ ನಾವು ಒಂದು ಕಥೆಯಂತೆಯೇ ಓದಬೇಕು. ಹೇಳುತ್ತಿರುವವರು ಯಾರು, ಮುಂದೆ ನಿಲ್ಲಿಸಿದ್ದು ಯಾರನ್ನು, ಮಾತೇ ಕೊಡದೆ ಬಿಟ್ಟದ್ದು ಯಾರಿಗೆ ಎಂದು ಕೇಳಬೇಕು.

ಕಂಪೆನಿ ಹೇಳುವ ಕಥೆಯ ಆರಂಭ ಚೆನ್ನಾಗಿಯೇ ಇದೆ. 1886ರ ಜನವರಿ 29ರಂದು ಮಾನ್‌ಹೈಮ್‌ನ ಕಾರ್ಲ್ ಬೆಂಝ್ ತನ್ನ ಮೂರು ಚಕ್ರದ ಮೋಟಾರು ಗಾಡಿಗೆ ಪೇಟೆಂಟ್ ಅರ್ಜಿ ಸಲ್ಲಿಸಿದ. ಅದರ ಸಂಖ್ಯೆ 37435. ಅದೇ ವರ್ಷ ಸ್ಟಟ್‌ಗಾರ್ಟ್ ಬಳಿಯ ಕಾನ್‌ಸ್ಟಾಟ್‌ನಲ್ಲಿ ಗಾಟ್ಲೀಬ್ ಡೈಮ್ಲರ್ ಮತ್ತು ವಿಲ್‌ಹೆಲ್ಮ್ ಮೈಬಾಕ್ ಕುದುರೆ ಗಾಡಿಯೊಂದಕ್ಕೆ ಎಂಜಿನ್ ಕೂರಿಸಿದರು. ಎರಡು ವರ್ಷದ ನಂತರ, 1888ರ ಆಗಸ್ಟ್‌ನಲ್ಲಿ, ಕಾರ್ಲ್‌ನ ಹೆಂಡತಿ ಬರ್ಥಾ ಗಂಡನಿಗೆ ಹೇಳದೆ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಅದೇ ಗಾಡಿಯಲ್ಲಿ ನೂರು ಕಿಲೋಮೀಟರಿಗೂ ದೂರದ ತವರೂರು ಫೋರ್ಟ್ಸ್‌ಹೈಮ್‌ಗೆ ಹೊರಟಳು. ದಾರಿಯಲ್ಲಿ ಇಂಧನ ಮುಗಿದಾಗ ವೀಸ್‌ಲೋಖ್ ಎಂಬ ಊರಿನ ಔಷಧಿ ಅಂಗಡಿಯಲ್ಲಿ ಕೊಂಡಳು. ಕೊಳವೆ ಕಟ್ಟಿಕೊಂಡಾಗ ಟೋಪಿಯ ಸೂಜಿಯಿಂದ ಬಿಡಿಸಿದಳು. ಬ್ರೇಕು ಸವೆದಾಗ ಚಮ್ಮಾರನೊಬ್ಬನಿಂದ ತೊಗಲು ಹೊಡೆಸಿದಳು. ಗಂಡನ ಉದ್ಯಮಕ್ಕೆ ಬಂಡವಾಳವಾದದ್ದೂ ಅವಳು ತವರಿನಿಂದ ತಂದ ಹಣವೇ. ಆದರೆ ಪೇಟೆಂಟಿನಲ್ಲಿರುವುದು ಗಂಡನ ಹೆಸರೊಂದೇ.

ಇಂದು ಕಂಪೆನಿ ಬರ್ಥಾಳನ್ನು ಕೊಂಡಾಡುತ್ತದೆ. ಒಳ್ಳೆಯದೇ. ಆದರೆ ಕಥೆಯಲ್ಲಿ ನಮಗೆ ಮುಖ್ಯವೆನಿಸುವುದು ಆ ಚಮ್ಮಾರ ಮತ್ತು ಔಷಧಿ ಅಂಗಡಿಯವನು. ಮಹಾನ್ ಆವಿಷ್ಕಾರವೊಂದು ರಸ್ತೆಗಿಳಿದ ದಿನವೇ ಅದು ನಡೆಯಲು ಬೇರೆಯವರ ಕೈ ಬೇಕಾಯಿತು. ಮುಂದಿನ ಚರಿತ್ರೆಯನ್ನು ಓದುವಾಗ ಈ ಕೈಗಳನ್ನು ಮರೆಯಬಾರದು.

ಹೆಸರು ಬಂದ ದಾರಿ

'ಮರ್ಸಿಡಿಸ್' ಎಂಬುದು ಜರ್ಮನ್ ಹೆಸರಲ್ಲ. ಕರುಣೆ, ಕೃಪೆ ಎಂಬ ಅರ್ಥದ ಸ್ಪ್ಯಾನಿಷ್ ಮಾತು ಅದು. ಫ್ರಾನ್ಸಿನ ನೀಸ್ ನಗರದಲ್ಲಿ ಶ್ರೀಮಂತರಿಗೆ ಕಾರು ಮಾರುತ್ತಿದ್ದ ಎಮಿಲ್ ಯೆಲಿನೆಕ್ ಎಂಬಾತ 1900ರಲ್ಲಿ ಡೈಮ್ಲರ್ ಕಂಪೆನಿಗೆ 36 ಕಾರುಗಳ ದೊಡ್ಡ ಆರ್ಡರ್ ಕೊಟ್ಟ. ತನ್ನ ಮಗಳ ಹೆಸರಿಡಬೇಕು ಎಂಬುದು ಅವನ ಷರತ್ತು. 1889ರಲ್ಲಿ ಹುಟ್ಟಿದ ಆ ಹುಡುಗಿಯೇ ಮರ್ಸಿಡಿಸ್. ಮೈಬಾಕ್ ರೂಪಿಸಿದ ಆ 35 ಅಶ್ವಶಕ್ತಿಯ ಕಾರು ನೀಸ್‌ನ ಓಟಗಳಲ್ಲಿ ಗೆದ್ದಿತು. 1902ರಲ್ಲಿ ಹೆಸರು ವ್ಯಾಪಾರ ಮುದ್ರೆಯಾಯಿತು. ಮೂರು ತುದಿಯ ನಕ್ಷತ್ರ ನೋಂದಣಿಯಾದದ್ದು 1909ರಲ್ಲಿ. ನೆಲ, ಜಲ, ಆಕಾಶ ಮೂರರಲ್ಲೂ ತಮ್ಮ ಎಂಜಿನ್ ಓಡಬೇಕೆಂಬ ಆಸೆಯ ಗುರುತು ಅದು. ಡೈಮ್ಲರ್ ಮತ್ತು ಬೆಂಝ್ ಕಂಪೆನಿಗಳು ಒಂದಾದದ್ದು 1926ರಲ್ಲಿ, ಮೊದಲ ಮಹಾಯುದ್ಧದ ನಂತರದ ಆರ್ಥಿಕ ಸಂಕಟದ ಒತ್ತಡದಲ್ಲಿ.

ಯೆಲಿನೆಕ್‌ನ ತಂದೆ ವಿಯೆನ್ನಾದ ಪ್ರಸಿದ್ಧ ಯಹೂದಿ ಧರ್ಮಗುರು ಅಡಾಲ್ಫ್ ಯೆಲಿನೆಕ್. ಅಂದರೆ ಆ ಕಾರಿನ ಹೆಸರು ಒಬ್ಬ ರಬ್ಬಿಯ ಮೊಮ್ಮಗಳದು. 1929ರಲ್ಲಿ, ನಲವತ್ತು ತುಂಬುವ ಮೊದಲೇ, ಆ ಹೆಣ್ಣುಮಗಳು ವಿಯೆನ್ನಾದಲ್ಲಿ ತೀರಿಕೊಂಡಳು. ನಾಲ್ಕು ವರ್ಷದಲ್ಲಿ ಅದೇ ಹೆಸರಿನ ತೆರೆದ ಕಾರಿನಲ್ಲಿ ನಿಂತು ಹಿಟ್ಲರ್ ಕೈ ಚಾಚಿ ಮೆರವಣಿಗೆ ಹೊರಟ. ಹೆಸರು ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ. ಕೇಳಿದರೆ ಎಲ್ಲರಿಗೂ ತೊಂದರೆಯಿತ್ತು!

ಇನ್ನೊಂದು ಸಂಗತಿ ಇದಕ್ಕಿಂತ ಕಟುವಾದುದು. ವಿಯೆನ್ನಾದಲ್ಲಿ ಸೀಗ್‌ಫ್ರೀಡ್ ಮಾರ್ಕುಸ್ ಎಂಬ ಯಹೂದಿ ಮೂಲದ ತಂತ್ರಜ್ಞನಿದ್ದ. ಮೋಟಾರು ಗಾಡಿಯ ಮೊದಲಿಗರಲ್ಲಿ ಅವನನ್ನೂ ಎಣಿಸುತ್ತಿದ್ದರು. 1940ರ ಜುಲೈನಲ್ಲಿ ನಾಝಿ ಪ್ರಚಾರ ಸಚಿವಾಲಯ ಡೈಮ್ಲರ್-ಬೆಂಝ್ ಕಂಪೆನಿಗೆ ಪತ್ರ ಬರೆದು, ಇನ್ನು ಮುಂದೆ ಜರ್ಮನಿಯ ವಿಶ್ವಕೋಶಗಳು ಆಧುನಿಕ ಕಾರಿನ ಜನಕರೆಂದು ಮಾರ್ಕುಸ್‌ನ ಬದಲು ಡೈಮ್ಲರ್ ಮತ್ತು ಬೆಂಝ್ ಇಬ್ಬರನ್ನು ಹೆಸರಿಸಲಿವೆ ಎಂದು ತಿಳಿಸಿತು. ಮಾರ್ಕುಸ್‌ನ ಪ್ರಸಿದ್ಧ ಕಾರು ಮೊದಲು ಭಾವಿಸಿದಷ್ಟು ಹಳೆಯದಲ್ಲ, 1888ರ ಸುಮಾರಿಗೆ ತಯಾರಾದದ್ದು ಎಂದು ಮುಂದೆ ಸಂಶೋಧಕರು ಕಂಡುಕೊಂಡರು. ಬೆಂಝ್‌ನ ಹಿರಿತನಕ್ಕೆ ಇದರಿಂದ ಧಕ್ಕೆಯೇನೂ ಇಲ್ಲ. ಆದರೆ 1940ರಲ್ಲಿ ಆ ತೀರ್ಪು ಬಂದದ್ದು ಸಂಶೋಧನೆಯಿಂದಲ್ಲ, ವಂಶಾವಳಿ ನೋಡಿ. ಸತ್ಯವೇ ಆಗಿದ್ದರೂ ಅನ್ಯಾಯದ ಕೈಯಿಂದ ಪಡೆದ ಪ್ರಮಾಣಪತ್ರಕ್ಕೆ ಕಲೆ ಅಂಟಿಯೇ ಇರುತ್ತದೆ.

ಯಾರ ಬೆವರು?

1924ರಲ್ಲಿ ಲ್ಯಾಂಡ್ಸ್‌ಬರ್ಗ್ ಸೆರೆಮನೆಯಲ್ಲಿದ್ದಾಗಲೇ ಹಿಟ್ಲರ್ ಬೆಂಝ್‌ನ ಮ್ಯೂನಿಕ್ ಮಾರಾಟಗಾರ ಯಾಕೋಬ್ ವರ್ಲಿನ್‌ಗೆ ಕಾಗದ ಬರೆದು ಕಾರಿನ ಬಗ್ಗೆ ವಿಚಾರಿಸಿದ್ದ. ಅವನು ಅಧಿಕಾರಕ್ಕೆ ಬಂದ ಮೇಲೆ ಅದೇ ವರ್ಲಿನ್ ಕಂಪೆನಿಯ ಆಡಳಿತ ಮಂಡಳಿಗೇರಿದ. ರೇಸಿನ 'ಬೆಳ್ಳಿ ಬಾಣ' ಕಾರುಗಳಿಗೆ ಸರಕಾರದ ನೆರವು ಬಂತು. ಯುದ್ಧ ಶುರುವಾದ ಮೇಲೆ ಲಾರಿ, ವಿಮಾನದ ಎಂಜಿನ್‌ಗಳ ಬೇಡಿಕೆ ಬೆಳೆಯಿತು. ದುಡಿಯುವ ಗಂಡಸರು ಯುದ್ಧಭೂಮಿಗೆ ಹೋದರು. ಆ ಜಾಗ ತುಂಬಿದವರು ಯಾರು?

ಕಂಪೆನಿಯೇ ಈಗ ಒಪ್ಪುವ ಲೆಕ್ಕ ಇದು: 1944ರಲ್ಲಿ ಡೈಮ್ಲರ್-ಬೆಂಝ್‌ನ 63,610 ದುಡಿಮೆಗಾರರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಬಲವಂತದಿಂದ ಎಳೆದು ತಂದ ನಾಗರಿಕರು, ಯುದ್ಧಕೈದಿಗಳು ಅಥವಾ ಯಾತನಾ ಶಿಬಿರದ ಬಂದಿಗಳು. ಬರ್ಲಿನ್‌ನ ದಕ್ಷಿಣಕ್ಕಿರುವ ಗೆನ್ಸ್‌ಹಾಗೆನ್‌ನ ವಿಮಾನ ಎಂಜಿನ್ ಕಾರ್ಖಾನೆಗೆ ರಾವೆನ್ಸ್‌ಬ್ರೂಕ್ ಶಿಬಿರದಿಂದ ಸಾವಿರಕ್ಕೂ ಹೆಚ್ಚು ಹೆಂಗಸರನ್ನು ತಂದರು. ಬರ್ಥಾಳ ಟೋಪಿ ಸೂಜಿಯ ಕಥೆಯನ್ನು ಜಗತ್ತು ಬಲ್ಲದು. ಈ ಹೆಂಗಸರಲ್ಲಿ ಒಬ್ಬಳ ಹೆಸರನ್ನಾದರೂ ನಮ್ಮಲ್ಲಿ ಯಾರು ಬಲ್ಲರು?

ಯುದ್ಧ ಮುಗಿದ ಮೇಲೆ ಕಾರ್ಖಾನೆಗಳ ಅವಶೇಷದ ಮೇಲೆ ಹೊಸ ಕಟ್ಟಡಗಳು ಎದ್ದವು. ನೆನಪಿನ ಕಟ್ಟಡ ಏಳಲು ಮಾತ್ರ ನಲವತ್ತು ವರ್ಷ ಬೇಕಾಯಿತು. ಹಿಂದೆ ಎಸ್‌ಎಸ್ ಅಧಿಕಾರಿಯಾಗಿದ್ದ ಹಾನ್ಸ್ ಮಾರ್ಟಿನ್ ಶ್ಲೇಯರ್ ಕಂಪೆನಿಯ ಆಡಳಿತ ಮಂಡಳಿಯಲ್ಲಿ ಸ್ಥಾನ ಪಡೆದ. 1977ರಲ್ಲಿ ಎಡಪಂಥೀಯ ಉಗ್ರರು ಅವನನ್ನು ಅಪಹರಿಸಿ ಕೊಂದರು. ಆ ಕೊಲೆಗೆ ಸಮರ್ಥನೆಯಿಲ್ಲ. ಆದರೆ ಅಂಥ ಹಿನ್ನೆಲೆಯವನು ಯಾವ ಪ್ರಶ್ನೆಯೂ ಇಲ್ಲದೆ ಅಲ್ಲಿಯವರೆಗೆ ಏರಿದ್ದು ಹೇಗೆಂಬ ಪ್ರಶ್ನೆ ಆ ಕೊಲೆಯಿಂದ ಅಳಿಸಿಹೋಗುವುದಿಲ್ಲ. 1986ರಲ್ಲಿ ಕಾರಿನ ಶತಮಾನೋತ್ಸವ ಅದ್ದೂರಿಯಾಗಿ ನಡೆಯಿತು. ಮರುವರ್ಷವೇ ಹ್ಯಾಂಬರ್ಗ್‌ನ ಸಂಶೋಧಕರು ನಾಝಿ ಕಾಲದ ದಾಖಲೆಗಳನ್ನು ಬಿಚ್ಚಿಟ್ಟ ದಪ್ಪ ಪುಸ್ತಕವೊಂದನ್ನು ಹೊರತಂದರು. 1988ರಲ್ಲಿ ಕಂಪೆನಿ 2 ಕೋಟಿ ಮಾರ್ಕ್ ಕೊಟ್ಟಿತು. 1989ರಲ್ಲಿ ಸ್ಟಟ್‌ಗಾರ್ಟ್‌ನ ಮ್ಯೂಸಿಯಂ ಎದುರು ಬಲವಂತದ ದುಡಿಮೆಗಾರರ ನೆನಪಿಗೆ 'ಹಗಲು ಮತ್ತು ರಾತ್ರಿ' ಎಂಬ ಶಿಲ್ಪ ನಿಂತಿತು. 1994ರಲ್ಲಿ ಬಲವಂತದ ದುಡಿಮೆಯ ಬಗ್ಗೆಯೇ ವಿವರವಾದ ಅಧ್ಯಯನ ಪ್ರಕಟವಾಯಿತು. 2000ದಲ್ಲಿ ಜರ್ಮನ್ ಸರಕಾರ ಮತ್ತು ಉದ್ಯಮಗಳು ಸೇರಿ ಸ್ಥಾಪಿಸಿದ 1,000 ಕೋಟಿ ಮಾರ್ಕ್‌ಗಳ ನಿಧಿಯಲ್ಲೂ ಕಂಪೆನಿ ಪಾಲು ಹಾಕಿತು.

ಇದನ್ನು ಬರೀ ನಾಟಕ ಎಂದು ತಳ್ಳಿಹಾಕುವುದು ಸರಿಯಲ್ಲ. ಇಷ್ಟನ್ನೂ ಮಾಡದ ಕಂಪೆನಿಗಳು ಜಗತ್ತಿನಲ್ಲಿ ಬೇಕಾದಷ್ಟಿವೆ. ಆದರೆ ಈ ತಾರೀಖುಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಹೊರಗಿನವರು ದಾಖಲೆ ಹಿಡಿದು ಬಾಗಿಲು ತಟ್ಟಿದ ಮೇಲೆಯೇ ಬಾಗಿಲು ಅಗಲವಾಗಿ ತೆರೆದದ್ದು. ಅಷ್ಟರಲ್ಲಿ ಆ ಕೂಲಿ ಪಡೆಯದ ಕೂಲಿಗಳಲ್ಲಿ ಎಷ್ಟೋ ಜನ ಮಣ್ಣು ಸೇರಿದ್ದರು.

ಸಾಖ್ ಮತ್ತು ಶೊಹ್ರತ್

ಹಾಗಾದರೆ ಬೆಂಝ್‌ನ ಖ್ಯಾತಿ ಎಲ್ಲವೂ ಸುಳ್ಳೇ? ಅಲ್ಲ. 1951ರಲ್ಲಿ ಬೇಲಾ ಬಾರೆನಿ ಎಂಬ ಎಂಜಿನಿಯರ್ ಕಾರಿನ ಮುಂಭಾಗ ಮತ್ತು ಹಿಂಭಾಗ ಅಪಘಾತದಲ್ಲಿ ತಾವೇ ಮುದುಡಿ ಒಳಗಿದ್ದವರನ್ನು ಉಳಿಸಬೇಕು ಎಂಬ ಯೋಚನೆಗೆ ಪೇಟೆಂಟ್ ಕೋರಿದ. 1959ರ ಮಾದರಿಯಲ್ಲಿ ಅದು ರಸ್ತೆಗೆ ಬಂತು. ಕಾರು ಗಟ್ಟಿಯಾಗಿದ್ದಷ್ಟೂ ಕ್ಷೇಮ ಎಂಬ ನಂಬಿಕೆಯನ್ನು ಅದು ತಲೆಕೆಳಗು ಮಾಡಿತು. ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್ ಬ್ರೇಕು 1978ರಲ್ಲಿ ಬಾಷ್ ಕಂಪೆನಿಯ ಜೊತೆಗೂಡಿ ಬಂತು, ಏರ್‌ಬ್ಯಾಗ್ 1981ರಲ್ಲಿ. ಇಂದು ನಮ್ಮ ಸಾಮಾನ್ಯ ಕಾರುಗಳಲ್ಲೂ ಇವು ಇವೆ. 1997ರಲ್ಲಿ ಸ್ವೀಡನ್ನಿನ ಪತ್ರಿಕೆಯೊಂದರ ಪರೀಕ್ಷೆಯಲ್ಲಿ ಕಂಪೆನಿಯ ಹೊಸ ಸಣ್ಣ ಕಾರು ಎ-ಕ್ಲಾಸ್ ಮಗುಚಿಬಿತ್ತು. ಮೊದಲು ನುಣುಚಿಕೊಳ್ಳಲು ನೋಡಿದ ಕಂಪೆನಿ ಕೊನೆಗೆ ಮಾರಾಟ ನಿಲ್ಲಿಸಿ, ಆಯ ತಪ್ಪದಂತೆ ಕಾಯುವ ವಿದ್ಯುನ್ಮಾನ ವ್ಯವಸ್ಥೆಯನ್ನು ಎಲ್ಲ ಎ-ಕ್ಲಾಸ್ ಕಾರುಗಳಿಗೂ ಅಳವಡಿಸಿತು.

ಸಾಖ್ ಬೆಳೆದದ್ದು ಇನ್ನೂ ಕೆಳಗೆ, ಟ್ಯಾಕ್ಸಿ ನಿಲ್ದಾಣಗಳಲ್ಲಿ. 1976ರಿಂದ 85ರವರೆಗೆ ಸುಮಾರು 27 ಲಕ್ಷ ತಯಾರಾದ ಡಬ್ಲ್ಯು123 ಮಾದರಿಯ ಡೀಸೆಲ್ ಕಾರುಗಳು ಜರ್ಮನಿಯಲ್ಲಿ ಟ್ಯಾಕ್ಸಿಯಾಗಿ ದುಡಿದು, ಮುಪ್ಪಿನಲ್ಲಿ ಮೊರಾಕ್ಕೊಗೆ, ಪಶ್ಚಿಮ ಆಫ್ರಿಕಾಕ್ಕೆ ಹೋಗಿ ಮತ್ತೆ ದಶಕಗಳ ಕಾಲ ಜನರನ್ನು ಹೊತ್ತವು. ಅಲ್ಲಿನ ಬಡ ಮೆಕ್ಯಾನಿಕ್‌ಗಳು ಅವುಗಳಿಗೆ ಪುನರ್ಜನ್ಮ ಕೊಡುತ್ತಲೇ ಬಂದರು. ಕಾರು ಗಟ್ಟಿ ಎಂಬ ಕೀರ್ತಿಯಲ್ಲಿ ಅರ್ಧ ಪಾಲು ಆ ಎಣ್ಣೆ ಮೆತ್ತಿದ ಕೈಗಳದು. ನಮ್ಮ ದೇಶದಲ್ಲೂ ನಕ್ಷತ್ರ ಮೊದಲು ಜನಸಾಮಾನ್ಯರ ಕಣ್ಣಿಗೆ ಬಿದ್ದದ್ದು ಲಾರಿಯ ಮೂತಿಯ ಮೇಲೆ. 1954ರಲ್ಲಿ ಟಾಟಾ ಕಂಪೆನಿಯ ಜೊತೆ ಹದಿನೈದು ವರ್ಷದ ಒಪ್ಪಂದವಾಗಿ ಜಮ್ಶೆಡ್‌ಪುರದಲ್ಲಿ ಟಾಟಾ ಮರ್ಸಿಡಿಸ್-ಬೆಂಝ್ ಲಾರಿಗಳು ತಯಾರಾದವು. ಅಕ್ಕಿ, ಸಿಮೆಂಟು, ಮರದ ದಿಮ್ಮಿ ಹೊತ್ತು ಘಟ್ಟ ಹತ್ತಿದ ಆ ಲಾರಿಗಳು ಯಾರ ಅಂತಸ್ತನ್ನೂ ತೋರಿಸಲಿಲ್ಲ. ಐಷಾರಾಮಿ ಕಾರಾಗಿ ಕಂಪೆನಿ ಇಲ್ಲಿ ಕಾಲೂರಿದ್ದು 1994ರಲ್ಲಿ, ಪುಣೆಯಲ್ಲಿ. 1996ರಿಂದ ಬೆಂಗಳೂರಿನಲ್ಲಿ ಅದರ ಸಂಶೋಧನಾ ಕೇಂದ್ರವಿದೆ. ಅಂದರೆ 'ಜರ್ಮನ್ ತಂತ್ರಜ್ಞಾನ'ದ ಒಳಗೆ ಈಗ ನಮ್ಮ ಹುಡುಗ ಹುಡುಗಿಯರ ಬುದ್ಧಿಯೂ ಸೇರಿದೆ.

ಶೊಹ್ರತ್ ಬೆಳೆದದ್ದು ಬೇರೆ ಕಡೆ. ಸ್ವಾತಂತ್ರ್ಯ ಬಂದ ಪೂರ್ವ ಆಫ್ರಿಕಾದಲ್ಲಿ ಬಿಳಿಯರು ಬಿಟ್ಟುಹೋದ ಕುರ್ಚಿಯಲ್ಲಿ ಕುಳಿತವರೆಲ್ಲ ಬೆಂಝ್ ಕೊಂಡರು. ಜನ ಅವರಿಗೆ 'ವಾಬೆಂಝಿ' ಎಂದು ಹೆಸರಿಟ್ಟರು, ಅಂದರೆ ಬೆಂಝ್ ಬುಡಕಟ್ಟಿನವರು! ಯಾವ ವಿಮರ್ಶಕನೂ ಒಂದೇ ಮಾತಿನಲ್ಲಿ ಇಷ್ಟು ಹೇಳಲಾರ. ಕೀನ್ಯಾದ ಗೂಗಿ ವಾ ಥಿಯಾಂಗೊ ಬಡವನೊಬ್ಬನ ಶವಸಂಸ್ಕಾರವನ್ನು ರಾಜಕಾರಣಿಗಳು ಪ್ರತಿಷ್ಠೆಯ ಪಂದ್ಯವಾಗಿಸಿದ್ದನ್ನು 'ಮರ್ಸಿಡಿಸ್ ಫ್ಯೂನರಲ್' ಎಂಬ ಕಥೆಯಲ್ಲಿ ಬರೆದರು. ಅಮೆರಿಕದ ಗಾಯಕಿ ಜಾನಿಸ್ ಜಾಪ್ಲಿನ್ 1970ರ ಅಕ್ಟೋಬರ್‌ನಲ್ಲಿ, ಸಾಯುವುದಕ್ಕೆ ಮೂರು ದಿನ ಮೊದಲು, ದೇವರಿಗೇ ಕಾರಿನ ಅರ್ಜಿ ಹಾಕುವವರನ್ನು ಗೇಲಿ ಮಾಡಿ ವಾದ್ಯಗಳಿಲ್ಲದೆ ಹಾಡಿದಳು. 1995ರಲ್ಲಿ ಕಂಪೆನಿ ಅದೇ ಹಾಡನ್ನು ತನ್ನ ಜಾಹೀರಾತಿಗೆ ಬಳಸಿಕೊಂಡಿತು. ಬಂಡವಾಳಶಾಹಿಯ ಹೊಟ್ಟೆ ಎಂಥದೆಂದರೆ ಬೈಗುಳವನ್ನೂ ಜೀರ್ಣಿಸಿಕೊಂಡು ಹೊಗಳಿಕೆಯಾಗಿ ಹೊರಹಾಕುತ್ತದೆ.

'ವಾಬೆಂಝಿ' ಎಂಬುದು ಬರೀ ಗೇಲಿಯ ಮಾತಲ್ಲ ಎಂದು 2010ರಲ್ಲಿ ತಿಳಿಯಿತು. ಇಪ್ಪತ್ತೆರಡಾದರೂ ದೇಶಗಳ ಅಧಿಕಾರಿಗಳಿಗೆ ಲಂಚ ಕೊಟ್ಟ ಆರೋಪದ ಮೇಲೆ ಕಂಪೆನಿ ಅಮೆರಿಕದಲ್ಲಿ 18.5 ಕೋಟಿ ಡಾಲರ್ ತೆತ್ತಿತು. ಡೀಸೆಲ್ ಹೊಗೆಯ ಪರೀಕ್ಷೆಯಲ್ಲಿ ಮೋಸ ಮಾಡಿದ ಆರೋಪದ ಇತ್ಯರ್ಥಕ್ಕೆ 2020ರಲ್ಲಿ ಅಲ್ಲಿಯ ಸರಕಾರಕ್ಕೆ 150 ಕೋಟಿ ಡಾಲರ್ ಕೊಡಲು ಒಪ್ಪಿತು. ಅರ್ಜೆಂಟೀನಾದ ಸೈನಿಕ ಸರ್ವಾಧಿಕಾರದ ಕಾಲದಲ್ಲಿ (1976-83) ಅಲ್ಲಿನ ಬೆಂಝ್ ಕಾರ್ಖಾನೆಯ ಕಾರ್ಮಿಕರು ಕಣ್ಮರೆಯಾದ ಬಗ್ಗೆ, ಅದರಲ್ಲಿ ಕಂಪೆನಿಯ ಸಹಕಾರವಿತ್ತೆಂದು ಆರೋಪಿಸಿ ಬದುಕುಳಿದವರು ಮತ್ತು ಬಂಧುಗಳು ಅಮೆರಿಕದ ನ್ಯಾಯಾಲಯಕ್ಕೆ ಹೋಗಿದ್ದರು. 2014ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಈ ಮೊಕದ್ದಮೆ ಇಲ್ಲಿ ನಡೆಯಲಾಗದು ಎಂದಿತು. ಆರೋಪ ನಿಜವೋ ಸುಳ್ಳೋ ಎಂದು ಅದು ಹೇಳಲಿಲ್ಲ, ತನ್ನ ವ್ಯಾಪ್ತಿಯಲ್ಲಿಲ್ಲ ಎಂದಷ್ಟೇ ಹೇಳಿತು. ಕಾರು ಗಡಿ ದಾಟಿ ಎಲ್ಲ ದೇಶಕ್ಕೂ ಹೋಗುತ್ತದೆ. ನ್ಯಾಯ ಮಾತ್ರ ಗಡಿಯಲ್ಲೇ ನಿಲ್ಲುತ್ತದೆ.

ಒಳ್ಳೆಯ ಬ್ರೇಕು ಮಾಡಿದ್ದಕ್ಕೆ ಗುಲಾಮಗಿರಿ ಮಾಫಿ ಆಗುವುದಿಲ್ಲ. ಗುಲಾಮಗಿರಿ ನಡೆಯಿತೆಂದು ಬ್ರೇಕು ಕೆಟ್ಟದಾಗುವುದೂ ಇಲ್ಲ. ಎರಡನ್ನೂ ತಕ್ಕಡಿಯಲ್ಲಿಟ್ಟು ಒಂದರಿಂದ ಇನ್ನೊಂದನ್ನು ಕಳೆಯುವ ಲೆಕ್ಕವೇ ತಪ್ಪು. ಎರಡೂ ಒಂದೇ ಹೆಸರಿನ ಖಾತೆಯಲ್ಲಿ ಬೇರೆ ಬೇರೆ ಕಾಲಮಿನಲ್ಲಿ ಉಳಿಯಬೇಕು. ಬೆಂಝ್ ಕೊಳ್ಳಬೇಡಿ ಎಂದು ಹೇಳುವುದು ನಮ್ಮ ಉದ್ದೇಶವಲ್ಲ. ಕೊಳ್ಳುವ ಶಕ್ತಿಯಿದ್ದವರು ನಮ್ಮ ಮಾತು ಕೇಳಿ ನಿಲ್ಲುವುದೂ ಇಲ್ಲ! ನಮ್ಮ ಮಾತು ದಾರಿ ಬದಿಯಲ್ಲಿ ನಿಂತು ಆ ಕಾರಿಗೆ ಸಲಾಮು ಹೊಡೆಯುವ ನಮ್ಮಂಥವರಿಗೆ. ಗೌರವ ಕೊಡುವುದೇ ಆದರೆ ಮುದುಡಿ ಜೀವ ಉಳಿಸುವ ಲೋಹದ ಲೆಕ್ಕ ಹಾಕಿದವನಿಗೆ, ಹಳೆಯ ಎಂಜಿನ್ನಿಗೆ ಮತ್ತೆ ಉಸಿರು ಕೊಟ್ಟ ಮೆಕ್ಯಾನಿಕ್‌ಗೆ ಕೊಡೋಣ. ಗೆನ್ಸ್‌ಹಾಗೆನ್‌ನ ಹೆಂಗಸರನ್ನು ನೆನೆಯೋಣ. ಹಿಂದಿನ ಸೀಟಿನಲ್ಲಿ ಕುಳಿತವನು, ಕುಳಿತ ಕಾರಣಕ್ಕೇ ನಮ್ಮ ಗೌರವಕ್ಕೆ ಹಕ್ಕುದಾರನಲ್ಲ.